ದಾರ ಬಿಚ್ಚಿಟ್ಟ ಕೈ

ಮಂಗಳವಾರ ಸಂಜೆ ಐದೂವರೆಗೆ ಇಂಗ್ಲಿಷ್ ಮೇಷ್ಟರ ತಂಗಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಅಣ್ಣ ತಾವೇ ನಡೆಸುವ ಟ್ಯುಟೋರಿಯಲ್ಲಿನ ಮೆಟ್ಟಿಲ ಬುಡದಲ್ಲಿ ತಲೆಯೊಡೆದುಕೊಂಡು ಬಿದ್ದಿದ್ದರು. ಆಸ್ಪತ್ರೆಗೆ ಸೇರಿಸಿದರೂ ಪ್ರಜ್ಞೆ ಬಂದಿರಲಿಲ್ಲ. ಕಾಲು ಜಾರಿರಬಹುದಲ್ಲ ಎಂದು ಇನ್ಸ್‌ಪೆಕ್ಟರ್ ಮೇಡಂ ಕೇಳಿದರು. ಹಾಗಾದರೆ ಮಹಡಿಯ ಮೇಲೆ ಅಣ್ಣನ ಪಾಠದ ಕಾರ್ಡುಗಳನ್ನೆಲ್ಲ ಸುಟ್ಟವರು ಯಾರು ಎಂದು ಆಕೆ ತಿರುಗಿ ಕೇಳಿದರು. ಎಫ್‌ಐಆರ್ ದಾಖಲಾಯಿತು. ಮೇಷ್ಟರು ಉಳಿದರೆ ಒಂದು ಸೆಕ್ಷನ್, ಉಳಿಯದಿದ್ದರೆ ಇನ್ನೊಂದು. ಆ ಇನ್ನೊಂದನ್ನು ಇನ್ಸ್‌ಪೆಕ್ಟರ್ ಬಾಯಿಬಿಟ್ಟು ಹೇಳಲಿಲ್ಲ.

ಪಂಚರ ಎದುರು ಪಂಚನಾಮೆ ಶುರುವಾಯಿತು. ಹಗಲೆಲ್ಲ ದುಡಿಯುವವರು ಸಂಜೆ ಬಂದು ಇಂಗ್ಲಿಷ್ ಕಲಿಯುವ ಕೋಣೆ ಅದು. ಕಿವಿಗೆ ಒಂದೇ ಥರ ಕೇಳಿಸಿ ಬರೆಯುವಾಗ ಕೈಕೊಡುವ ಪುಟ್ಟ ಪದಗಳೆಂದರೆ ಮೇಷ್ಟರಿಗೆ ಪ್ರಾಣ. ‘ಇಟ್ಸ್’ನ ನೆತ್ತಿಯ ಮೇಲೆ ಅಪಾಸ್ಟ್ರಫಿಯ ಕೊಕ್ಕೆಯಿದ್ದರೆ ಅದು ‘ಇಟ್ ಈಸ್’ ಕೂಡಿಕೊಂಡದ್ದು, ಇಲ್ಲದಿದ್ದರೆ ಬರೀ ‘ಅದರ’. ‘ದೇರ್’ ಒಂದು ಥರ ಬರೆದರೆ ‘ಅಲ್ಲಿ’, ಇನ್ನೊಂದು ಥರ ಬರೆದರೆ ‘ಅವರ’. ಯಾರು ತಪ್ಪಿದರೋ ಅವರ ಕೊರಳಿಗೆ ಆ ಪದದ ರಟ್ಟಿನ ಕಾರ್ಡು. ಐದು ಸರಿಯಾದ ವಾಕ್ಯ ಬರೆಯುವತನಕ ತೆಗೆಯುವಂತಿಲ್ಲ. ಇನ್ಸ್‌ಪೆಕ್ಟರ್‌ಗೆ ತಂಗಿಯ ಬಾಯಲ್ಲಿ ಇದನ್ನು ಕೇಳಿಯೇ ಕಿವಿ ಬಿಸಿಯಾಯಿತು. ಅವರ ವರದಿಗಳೂ ಇದೇ ಕೊಕ್ಕೆಗೆ ಕೆಂಪು ಶಾಯಿ ಬಳಿಸಿಕೊಂಡು ಮೇಲಿನಿಂದ ವಾಪಸು ಬಂದದ್ದುಂಟು.

ಮೆಟ್ಟಿಲ ತಲೆಯಲ್ಲಿದ್ದ ಕಬ್ಬಿಣದ ಬಕೆಟ್ಟಿನಲ್ಲಿ ರಟ್ಟಿನ ಬೂದಿ. ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಕಾರ್ಡುಗಳಿಗೆ ಕಟ್ಟಿದ್ದ ದಾರಗಳು. ಒಂದೂ ಸುಟ್ಟಿರಲಿಲ್ಲ, ಹರಿದಿರಲಿಲ್ಲ. ಗಂಟು ಬಿಚ್ಚಿ, ಎರಡು ಬೆರಳಿಗೆ ಅಡ್ಡಡ್ಡ ಸುತ್ತಿ, ತುದಿಯನ್ನು ನಡುವಿಗೆ ಸಿಕ್ಕಿಸಿ ಸಾಲಾಗಿ ಇಟ್ಟಿದ್ದರು.

ಪೇದೆಗೆ ಇದರ ತಲೆಬುಡ ತಿಳಿಯಲಿಲ್ಲ. “ಕೋಪ ಬಂದೋನು ಸುಡೋದು ಬಿಟ್ಟು ಗಂಟು ಬಿಚ್ತಾ ಕೂರ್ತಾನಾ ಮೇಡಂ?”

“ದಾರ ದಂಡ ಮಾಡಿ ಅಭ್ಯಾಸ ಇಲ್ಲದೋನು ಕೂರ್ತಾನೆ,” ಎಂದರು ಇನ್ಸ್‌ಪೆಕ್ಟರ್.

ಆದರೂ ಮೊದಲು ಟ್ಯಾಕ್ಸಿ ಡ್ರೈವರನನ್ನು ವಿಚಾರಿಸಲೇಬೇಕಾಯಿತು. ಮೇಷ್ಟರ ಹಲ್ಲು ಉದುರಿಸುತ್ತೇನೆ ಎಂದು ಹೋದ ವಾರ ತರಗತಿಯಲ್ಲೇ ಕೂಗಾಡಿದವನು ಆತ. ಅದು ಬರೀ ಬಾಯಿಮಾತು, ಆ ಹೊತ್ತಿಗೆ ತಾನು ವಿಮಾನ ನಿಲ್ದಾಣದಲ್ಲಿದ್ದೆ ಎಂದ. ವಿಚಾರಿಸಿದರೆ ನಿಜವೇ ಆಗಿತ್ತು. ಹೊರಡುವಾಗ ಅವನೇ ಇನ್ನೊಂದು ಮಾತು ಹೇಳಿದ. ನಿನ್ನೆ ಅದೇ ತರಗತಿಗೆ ಬರುವ ಟೈಲರ್ ಕಾರ್ಡು ಹಾಕಿಕೊಂಡು ನಿಂತಿದ್ದಾಗ ಅವನ ಮಗಳು ಅಂಗಡಿಯ ಬೀಗದ ಕೈಗೆಂದು ಬಂದಿದ್ದಳಂತೆ.

ಟೈಲರ್ ಅಂಗಡಿಯ ಗೋಡೆಯ ಮೊಳೆಗೆ ಬಣ್ಣಬಣ್ಣದ ತುಂಡು ದಾರಗಳು ನೇತಾಡುತ್ತಿದ್ದವು. ಎಲ್ಲವೂ ಅಡ್ಡಡ್ಡ ಸುತ್ತಿದವು, ತುದಿ ನಡುವಿಗೆ ಸಿಕ್ಕಿಸಿದವು. ಇನ್ಸ್‌ಪೆಕ್ಟರ್ ಕಿಟಕಿಯ ಮೇಲೆ ಸಿಕ್ಕ ದಾರವೊಂದನ್ನು ಮೇಜಿನ ಮೇಲಿಟ್ಟರು. ಟೈಲರ್ ಅದನ್ನು ನೋಡಿದ, ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದ. ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ.

“ಮೇಷ್ಟ್ರು ಉಳೀತಾರಾ ಮೇಡಂ?”

“ಇನ್ನೂ ಎಚ್ಚರ ಆಗಿಲ್ಲ. ಯಾಕೆ ತಳ್ಳಿದ್ರಿ?”

ಹೇಳಿಕೆ ತುಂಡುತುಂಡಾಗಿ ಬಂತು. ಅಂಗಿಯೊಂದು ತನ್ನ ಗುಂಡಿ ಕಳೆದುಕೊಂಡಿತು ಎಂದು ಬರೆಯುವಾಗ ‘ಇಟ್ಸ್’ ಮೇಲೆ ಬೇಡದ ಕೊಕ್ಕೆ ಹಾಕಿದ್ದ. ಬಟ್ಟೆಗೆ ಹುಕ್ಕು ಹೊಲಿಯುವವನಿಗೆ ಇಂಗ್ಲಿಷಿಗೆ ಎಲ್ಲಿ ಹುಕ್ಕು ಎಂದು ತಿಳಿಯುವುದಿಲ್ಲವೇ ಎಂದರು ಮೇಷ್ಟರು. ಇಡೀ ತರಗತಿ ನಕ್ಕಿತು. ಬಾಗಿಲಲ್ಲಿ ನಿಂತ ಮಗಳೂ ನಕ್ಕಳು. ಮಾರನೆಯ ದಿನ ತರಗತಿಗೆ ಮುಂಚೆ ಹೋಗಿ ಕಾರ್ಡುಗಳನ್ನು ಸುಟ್ಟ. ಕೊನೆಯದು ಕೈಯಲ್ಲಿರುವಾಗ ಮೇಷ್ಟರು ಬಂದರು. ಅದನ್ನು ಕಿತ್ತುಕೊಂಡು ಮತ್ತೆ ಅವನ ಕೊರಳಿಗೇ ಹಾಕಲು ಕೈ ಚಾಚಿದರು.

“ಕೈ ತಳ್ಳಿದೆ ಅಷ್ಟೇ. ಅವ್ರ ಹಿಂದೆ ಮೆಟ್ಲು ಇರೋದು ಇಬ್ರಿಗೂ ಮರ್ತೋಗಿತ್ತು,” ಎಂದ. ಮತ್ತೆ ಸೇರಿಸಿದ: “ಊರೆಲ್ಲ ನಗ್ಲಿ ಮೇಡಂ. ಅವಳ ಸ್ಕೂಲ್ ಪಾಠ ನಾನೇ ಹೇಳ್ಕೊಡ್ಬೇಕು ಅಂತ ಸೇರಿದ್ದೆ. ಅವಳು ನಕ್ಕಿದ್ದು ನುಂಗೋಕೆ ಆಗ್ಲಿಲ್ಲ.”

ರಾತ್ರಿಯೂಟದ ಹೊತ್ತಿಗೆ ಬಂಧನ ಮುಗಿದಿತ್ತು. ಠಾಣೆಯ ಬೆಂಚಿನ ಮೇಲೆ ಮಗಳು ಅಂಗಡಿಯ ಬೀಗದ ಕೈ ಹಿಡಿದು ಕೂತಿದ್ದಳು. ಅವಳ ಹೇಳಿಕೆ ಬೇಕಿರಲಿಲ್ಲ, ಮನೆಗೆ ಹೋಗು ಎಂದರೂ ಏಳಲಿಲ್ಲ.

“ಆ ಕಾರ್ಡಲ್ಲಿ ಏನ್ ತಪ್ಪು ಅಂತ ನಂಗೂ ಗೊತ್ತಿರ್ಲಿಲ್ಲ ಮೇಡಂ,” ಎಂದಳು. “ಎಲ್ರೂ ನಕ್ರು. ಸುಮ್ನಿದ್ರೆ ನಂಗೂ ಬರಲ್ಲ ಅಂತ ಗೊತ್ತಾಗುತ್ತೆ ಅಂತ ನಕ್ಕೆ.”

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಮೇಷ್ಟರು ಕಣ್ಣು ಬಿಟ್ಟಿದ್ದರು. ಇನ್ಸ್‌ಪೆಕ್ಟರ್ ತಾವೇ ಲಾಕಪ್ಪಿನ ಬಳಿ ಹೋಗಿ ಎರಡೂ ಮಾತನ್ನು ಹೇಳಿದರು. ಮೇಷ್ಟರು ಉಳಿದರೆಂದು ಕೇಳಿ ಟೈಲರ್ ದೀರ್ಘವಾಗಿ ಉಸಿರು ಬಿಟ್ಟ. ಮಗಳ ಮಾತು ಕೇಳಿ ಗೋಡೆಯ ಕಡೆ ತಿರುಗಿ ಅತ್ತ.