ಒದ್ದೆ ಕಾಗದದ ಮಹಜರು

"ಯಾರಪ್ಪಾ ಇಷ್ಟು ಗುಂಡಿಗೆಯವನು?"

ಷೆರೀಫ್ ಅಮೋಸ್ ಪೆಲ್ ಯಾರನ್ನೂ ಕೇಳಲಿಲ್ಲ. ಪ್ರಾರ್ಥನಾಮಂದಿರದ ಬಾಗಿಲಿಗೆ ಮೊಳೆ ಹೊಡೆದಿದ್ದ ಅಚ್ಚಿನ ಹಾಳೆಯನ್ನು ನೋಡಿ ಅಂದ ಮಾತದು. ೧೭೩೧ರ ಅಕ್ಟೋಬರ್, ಸೋಮವಾರ ಬೆಳಿಗ್ಗೆ ಆರೂವರೆ. ಬಂದರಿನ ಅಧಿಕಾರಿ ಥ್ರಾಲ್ ಆರಕ್ಕೇ ಬಂದು ದೂರು ಬರೆಸಿದ್ದ. ಸಿಡುಬು ಹತ್ತಿದ ಹಡಗನ್ನು ಥ್ರಾಲ್ ಬೇಕೆಂದೇ ದಡ ಸೇರಿಸಿದ ಎಂದು ಹಾಳೆ ಹೇಳುತ್ತಿತ್ತು. ಅಚ್ಚು ಹಾಕಿದವರ ಹೆಸರಿರಲಿಲ್ಲ.

ಪೇದೆ ಲೆವಿ ಟಕರ್ ಹಿಂದೆ ಕಾಗದದ ಗಿರಣಿಯಲ್ಲಿ ದುಡಿದವನು. ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡ.

"ಇನ್ನೂ ತೇವ ಇದೆ ಸ್ವಾಮಿ. ಮಸಿ ಹಿಡಿಯಲಿ ಅಂತ ಅಚ್ಚಿಗೆ ಮುಂಚೆ ನೆನೆಸಿದ ಕಾಗದ. ಬೆಳಗಿನ ಜಾವ ಅಚ್ಚೊತ್ತಿದ್ದಾರೆ."

ಊರಿನಲ್ಲಿದ್ದುದು ಎರಡೇ ಅಚ್ಚುಕೂಟ. ಏಳಕ್ಕೆ ಕೀಲ್‌ನದು ನೋಡಿದರು, ಕಾಗದವೆಲ್ಲ ಒಣಗಿತ್ತು.

"ಭಾನುವಾರ ಸಬ್ಬತ್ತು, ಕೆಲಸ ಮಾಡಬಾರದ ದಿನ. ಮುಖ ತೊಳೆಯೋಕೇ ಹೆದರ್ತೀನಿ, ಕಾಗದ ನೆನೆಸ್ತೀನಾ?" ಎಂದ ಕೀಲ್.

"ಅದು ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡು," ಎಂದ ಲೆವಿ.

ಏಳೂ ನಲವತ್ತಕ್ಕೆ ಮೆಹಿತಬೆಲ್ ಕ್ರೋವೆಲ್‌ಳ ಅಚ್ಚುಕೂಟ. ಗಂಡ ಸತ್ತ ಮೇಲೆ ವಾರಪತ್ರಿಕೆಯನ್ನು ಅವಳೇ ನಡೆಸುತ್ತಿದ್ದಳು. ಮೂಲೆಯಲ್ಲಿ ಕಲ್ಲು ಹೇರಿದ ಒದ್ದೆ ಕಾಗದದ ಒಟ್ಟಿಲಿತ್ತು.

"ಪತ್ರಿಕೆ ಗುರುವಾರ. ಇವತ್ತೇ ಯಾಕಮ್ಮ ನೆನೆಸಿದ್ರಿ?" ಎಂದು ಪೆಲ್ ಕೇಳಿದ.

"ಬೇರೆ ಕೆಲಸ ಬಂತು. ಇವತ್ತು ಬೆಳಿಗ್ಗೆ ಐದಕ್ಕೆ ನೆನೆಸಿದೆ."

ಲೆವಿ ಒಟ್ಟಿಲನ್ನು ನಡುವೆ ಬಿಡಿಸಿ ಮುಟ್ಟಿ ನೋಡಿದ. ಅಂಚಿನಷ್ಟೇ ನಡುವೂ ಮೆತ್ತಗಿತ್ತು.

"ಇಲ್ಲಿಗೆ ತೇವ ಇಳಿಯೋಕೆ ಹದಿನೈದು ತಾಸಾದ್ರೂ ಬೇಕು. ನಿನ್ನೆ ಸಂಜೆ ಪ್ರವಚನಕ್ಕೆ ಊರೆಲ್ಲ ಬಂದಿತ್ತು. ನಿಮ್ಮ ಬೆಂಚು ಖಾಲಿ."

ಮೆಹಿತಬೆಲ್ ಮಸಿ ಹತ್ತಿದ ಕೈಗಳನ್ನು ಸೊಂಟಕ್ಕೆ ಕಟ್ಟಿದ ಮುಂದಂಗಿಯಲ್ಲಿ ಸುತ್ತಿಕೊಂಡಳು. "ಮಿಕ್ಕಿದ್ದನ್ನ ಒಲೆಗೆ ಹಾಕಬೇಕಿತ್ತು. ನೆನೆಸಿದ ಕಾಗದ ಹಾಳುಮಾಡೋಕೆ ಕೈ ಬರಲಿಲ್ಲ."

ಇಬ್ಬರು ನೆರೆಯವರ ಮುಂದೆ ಮಹಜರು ಬರೆದು, ಎಂಟೂ ಕಾಲಿಗೆ ಅವಳನ್ನು ಬಂಧಿಸಿದರು.

ಕಳೆದ ತಿಂಗಳು, ಥ್ರಾಲ್‌ನ ಮಾತು ನಂಬಿ, ಬಂದರಿನಲ್ಲಿ ರೋಗವಿಲ್ಲ ಎಂದು ಅವಳ ಪತ್ರಿಕೆಯೇ ಅಚ್ಚು ಹಾಕಿತ್ತು. ಅದನ್ನೋದಿ ಹಡಗಿನ ಸರಕು ಇಳಿಸಲು ಹೋದವರಲ್ಲಿ ಮೂವರು ಮಣ್ಣಾಗಿದ್ದರು. ಅದು ಸುಳ್ಳೆಂದು ತಿದ್ದಿ ಹಾಕಲು ಆಡಳಿತ ಸಭೆ ಎರಡು ಸಲ ಅಪ್ಪಣೆ ನಿರಾಕರಿಸಿತ್ತು. ಭಾನುವಾರ ಅವಳು ದೇವರ ಕ್ಷಮೆ ಕೇಳಿ, ಕಾಗದಕ್ಕೆ ನೀರು ಚಿಮುಕಿಸಿದಳು.

ಪೆಲ್ ಬಾಗಿಲಲ್ಲಿ ದನಿ ತಗ್ಗಿಸಿದ. "ನೋಡಮ್ಮ, ಥ್ರಾಲ್‌ಗೆ ರೋಗದ ವಿಷಯ ಗೊತ್ತಿತ್ತು ಅಂತ ಹಡಗಿನವನೇ ಯಾರೋ ನಿಮಗೆ ಹೇಳಿದ್ದಾನೆ. ಹೆಸರು ಕೊಡಿ, ಅಚ್ಚಿನ ಯಂತ್ರ ನಿಮಗೇ ಉಳಿಯುತ್ತೆ. ಇಲ್ಲಾಂದ್ರೆ ಇವತ್ತೇ ಬಿಚ್ಚಿ ಒಯ್ತಾರೆ."

"ಅವನ ಬೆನ್ನ ಮೇಲೆ ಚಾಟಿ ಬೀಳುತ್ತೆ."

"ಅದು ನಿಮಗ್ಯಾಕೆ? ಹೇಳಿಬಿಡಿ."

"ಬಿಚ್ಚಿ ಒಯ್ಯಿರಿ. ಹೆಸರು ಕೊಡಲ್ಲ."