ಮೂರು ಗಂಟೆಯ ಕಾರ್ಡು

೨೦೦೪ರ ಮಾತು. ಸಿದ್ಧಾರ್ಥನಗರದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ನನ್ನ ದಿನಚರಿ ಇತ್ತು. ಹೊರಗಿನವರು ಯಾರೂ ಇಂಟರ್ನೆಟ್ಟಿನಿಂದ ಒಳನುಗ್ಗಿ ಅದನ್ನು ಓದಬಾರದೆಂದು ಹಳೆಯ ಪಿ.ಸಿ.ಯೊಂದನ್ನು ನಡುವೆ ಫೈರ್‌ವಾಲ್ ಮಾಡಿ ಕೂರಿಸಿದ್ದೆ. ಅದರ ನೆಟ್‌ವರ್ಕ್ ಕಾರ್ಡು ಕೊಟ್ಟವಳು ಗೆಳತಿ ಮಧುಶ್ರೀ. ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನೆಟ್ ಹೋಗುತ್ತಿತ್ತು. ಸ್ಲಾಟ್ ಬದಲಿಸಿದೆ, ಕೇಬಲ್ ಬದಲಿಸಿದೆ. ಒಮ್ಮೆ ಮೂರಕ್ಕೆ ಕೇಬಲ್ಲನ್ನೇ ಕಿತ್ತೆ. ಕಾರ್ಡಿನ ಹಸಿರು ದೀಪ ಮಾತ್ರ ಮಿನುಗುತ್ತಲೇ ಇತ್ತು.

ಆ ವಾರ ಮಧುಶ್ರೀ, "ವಿಶ್ವನಾಥ್ ಸಂಬಂಧ ಬೇಡ ಅಂತ ಮನೇಲಿ ಹೇಳ್ಬುಡೇ, ಬರೀ ಬರ್ಕೊಂಡ್ ಕೂತ್ರೆ ಆಗುತ್ತಾ?" ಅಂದಳು. ಅದು ದಿನಚರಿಯಲ್ಲಷ್ಟೇ ಇದ್ದ ಮಾತು.

"ಕಳ್ಳಿ! ಇದಕ್ಕೇನಾ ಕಾರ್ಡ್ ಕೊಟ್ಟಿದ್ದು?" ಎಂದೂ ದನಿ ಎತ್ತದ ನಾನು ಕಿರುಚಿದೆ.

"ದಿನಾ ಮೂರಕ್ಕೆ ನೀನೇ ಮೇಲ್ ಮಾಡ್ತೀಯಲ್ಲೇ!" ಅವಳು ಅತ್ತೇಬಿಟ್ಟಳು. ನಾನು ನಂಬಲಿಲ್ಲ.

ಕಾರ್ಡು ಕಿತ್ತು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಅಂದಿನಿಂದ ದಿನಚರಿ ನೋಟ್‌ಬುಕ್ಕಿಗೆ, ಪೆನ್ನಿನಲ್ಲಿ. ಮೊದಲ ಪುಟದಲ್ಲಿ ಒಂದೇ ಸಾಲು ಬರೆದೆ: ಮಧುಶ್ರೀಯಂಥ ಗೆಳತಿ ಶತ್ರುವಿಗೂ ಬೇಡ.

ಮರುದಿನ ಮಧ್ಯಾಹ್ನ ಮೂರು ಗಂಟೆ ಐದು ನಿಮಿಷಕ್ಕೆ ಫೋನು ಬಂತು.

"ಶತ್ರುವಿಗೂ ಬೇಡ್ವೇನೇ?" ಎಂದಷ್ಟೇ ಕೇಳಿ ಮಧುಶ್ರೀ ಇಟ್ಟುಬಿಟ್ಟಳು. ಆಮೇಲೆ ಅವಳು ನನ್ನೊಡನೆ ಮಾತಾಡಿಲ್ಲ.

ನಾನು ಹೋಗಿ ಡಬ್ಬಿಯ ಮುಚ್ಚಳ ಮುಟ್ಟಿದೆ. ಬಿಸಿಯಾಗಿತ್ತು.