ಸುಲೋಚನಮ್ಮ ಆಡದ ಮಾತು

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನೊಮ್ಮೆ ಮೂಗೆಳೆದರೆ ಸಾಕು, ಬಳ್ಳಾರಿಯಲ್ಲಿರುವ ಕಳ್ಳ ತಾನೇ ಬೇಡಿ ತೊಟ್ಟು ಮೊದಲ ಬಸ್ಸಿಗೆ ಬರುತ್ತಾನೆ. ವಾರಪತ್ರಿಕೆಯ ವರದಿಗಾರ ತಿಪ್ಪೇರುದ್ರ ಎಂದರೆ ಸುಮ್ಮನೆ ಅಲ್ಲ.

ಅಂಥ ನಾನು ಮೊಳಕಾಲ್ಮುರಿಗೆ ಹೋದದ್ದು ಕಳುವಾದ ಒಂದು ದನಿಯನ್ನು ಹುಡುಕಿಕೊಂಡು.

ಸುಲೋಚನಮ್ಮ ಹುಣಸೆಹಣ್ಣಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಕೂಗಿದರೆ ಬ್ರಹ್ಮಗಿರಿಯ ಬಂಡೆಯೂ ಒಂದು ರೇಟು ಹೇಳುತ್ತಿತ್ತು. ಚಳ್ಳಕೆರೆಯ ಖಾಸಗಿ ಆಸ್ಪತ್ರೆಯಲ್ಲಿ ಗಂಟಲ ಗಡ್ಡೆ ತೆಗೆಸಿಕೊಂಡರು. ಈಗ ಪಿಸುಮಾತು ಬಿಟ್ಟು ಏನೂ ಹೊರಡುವುದಿಲ್ಲ.

"ಗೊತ್ತಿದ್ದೂ ಮಾಡಿಸ್ಕೊಂಡಾಳ್ರೀ," ಎಂದ ಗಂಡ ಓಂಕಾರಮೂರ್ತಿ. "ಡಾಕ್ಟ್ರು ಮೊದ್ಲೇ ಹೇಳಿದ್ರಂತೆ. ನಮ್ಮತ್ರ ಬಾಯಿ ಬಿಡ್ಲಿಲ್ಲ."

ಸುಲೋಚನಮ್ಮ ಇಲ್ಲವೆಂದು ತಲೆಯಾಡಿಸಿದರು. ಮನೆಯಲ್ಲಿ ಯಾರೂ ನಂಬಲಿಲ್ಲ. ದನಿ ಹೋದದ್ದಕ್ಕಿಂತ ಅದೇ ಅವರನ್ನು ಸುಡುತ್ತಿತ್ತು.

*

ಮೊದಲು ಅರಿವಳಿಕೆ ಕೊಟ್ಟವರ ಮೇಲೆ ಅನುಮಾನಪಟ್ಟೆ. ಆಸ್ಪತ್ರೆಯ ನರ್ಸ್ ಪವಿತ್ರ ಒಪ್ಪಲಿಲ್ಲ.

"ಅದಕ್ಕಲ್ಲ ಸಾರ್. ಗಡ್ಡೆ ಪಕ್ಕದ ನರಕ್ಕೆ ಪೆಟ್ಟು ಬಿದ್ದೈತೆ. ಎಷ್ಟೇ ಹುಷಾರಾಗಿ ಮಾಡಿದ್ರೂ ಒಬ್ಬೊಬ್ರಿಗೆ ಹಂಗಾಗ್ತೈತೆ."

"ಆಪರೇಷನ್ ಹಿಂದಿನ ದಿನ ಹೆದರಿದ್ರಾ?"

"ಸೋಮವಾರಾನಾ? ಸೂಜಿ ಚುಚ್ಚಿದ್ರೂ ಅವ್ವಾ ಅನ್ಲಿಲ್ಲ ಆಯಮ್ಮ. ಎಲ್ಲಾ ಕೈಸನ್ನೆ."

*

ಗಂಡಹೆಂಡಿರನ್ನು ಕರೆದುಕೊಂಡು, ಆಪರೇಷನ್ ಮಾಡಿದ ಡಾಕ್ಟರ್ ಚಂದ್ರಶೇಖರ್ ಮುಂದೆ ಕೂತೆ.

"ದನಿ ಹೋಗಬಹುದು ಅಂತ ಇವರಿಗೆ ಹೇಳಿದ್ರಾ?"

"ಸಹಿ ಹಾಕಿದಾರಲ್ರೀ."

"ಆಪರೇಷನ್‌ಗೆ ಹಾಕಿದಾರೆ. ಹೇಳಿದ್ರಾ?"

"ಹೇಳಿದೆ. ಸೋಮವಾರ ಮಧ್ಯಾಹ್ನ, ಇದೇ ಕುರ್ಚೀಲಿ ಕೂರಿಸಿ. 'ಹೋದ್ರೆ ಹೋಗ್ಲಿ ಬಿಡ್ರಿ' ಅಂದ್ರು. ಕಿವಿಯಾರೆ ಕೇಳಿದೀನಿ."

ನಾನು ಮೇಜು ಗುದ್ದಿದೆ. ಚಿತ್ರದುರ್ಗದ ಕೋಟೆಯಿಂದ ಎರಡು ಕಲ್ಲು ಉರುಳಿದವು.

"ಸುಳ್ಳು. ಸೋಮವಾರ ಇವರದು ಮೌನವ್ರತ. ಸಂಜೆ ಶಿವಪೂಜೆ ಮುಗಿಯೋವರೆಗೂ ಒಂದು ಮಾತೂ ಆಡಲ್ಲ. ನಿಮಗೆ ಹೆಂಗೆ ಕೇಳಿಸ್ತು?"

ಡಾಕ್ಟರು ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು.

"ಹೇಳಿದ್ರೆ ಹೆದರಿ ಎದ್ದು ಹೋಗ್ತಾರ್ರೀ," ಎಂದರು ಕೊನೆಗೆ.

ಹೋಗಲಿ! ಎದ್ದು ಹೋಗುವುದು ಅವರ ಹಕ್ಕು. ಗಂಟಲು ಅವರದು. ನರಕ್ಕೆ ಪೆಟ್ಟು ಬಿದ್ದದ್ದನ್ನು ಕ್ಷಮಿಸಬಹುದು. ಅಪಾಯವನ್ನು ಮೊದಲೇ ತಿಳಿಸುವುದು ಡಾಕ್ಟರ ದಯೆಯಲ್ಲ, ಕಾನೂನು. ಅದನ್ನು ನುಂಗಿ, ದನಿ ಕಳೆದುಕೊಂಡ ಹೆಂಗಸಿನ ಬಾಯಿಗೆ ಅವಳಾಡದ ಮಾತು ತುರುಕಿದರಲ್ಲ, ಅದಕ್ಕೆ ಕ್ಷಮೆಯಿಲ್ಲ.

*

ಇಷ್ಟು ಬರೆದು ಸುಲೋಚನಮ್ಮನಿಗೆ ಓದಿ ಹೇಳಿದೆ. ಅವರು ಹುಬ್ಬೇರಿಸಿದರು. ಪಿಸುಮಾತು ಕೇಳಲು ಬಾಗಬೇಕಾಯಿತು.

"ಮೇಜು ಗುದ್ದಿದ್ದು ಯಾರಪ್ಪಾ?"

ಸರಿ. ಗುದ್ದಿದ್ದು ಅವರು. ಗೋಡೆಯ ಕ್ಯಾಲೆಂಡರಿನ ಸೋಮವಾರದ ಮೇಲೆ ಒಂದು ಬೆರಳಿಟ್ಟು, ತುಟಿಯ ಮೇಲೆ ಇನ್ನೊಂದಿಟ್ಟು, ಗಂಡನನ್ನು ದುರುಗುಟ್ಟಿ ನೋಡಿದರು. ಓಂಕಾರಮೂರ್ತಿಯ ಮುಖ ಬಾಡಿತು. "ಸೋಮವಾರ ಇವಳು ಮಾತಾಡಲ್ಲ ಡಾಕ್ಟ್ರೇ," ಎಂದದ್ದು ಅವನು.

ನಾನು ಡಾಕ್ಟರ ಮಾತು ನಂಬಿ, ಆಗಲೇ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ.